ಹವಾಲ್ದಾರ ಗುತ್ತೆಪ್ಪನ ಕಡೇ ಸಾಲು

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜವಾನ್ ಪ್ರೆಸ್ ಶುರುವಾದದ್ದು ಎಪ್ಪತ್ನಾಲ್ಕರಲ್ಲಿ. ಹೆಸರೇನೋ ದೊಡ್ಡದು. ಇದ್ದದ್ದು ಒಂದು ತಗಡಿನ ಕೋಣೆ, ಕಾಲಲ್ಲಿ ತುಳಿಯುವ ಅಚ್ಚಿನ ಮಶಿನ್ನು, ನಾಲ್ಕು ಗೂಡು ಸೀಸದ ಅಕ್ಷರದ ಮೊಳೆ, ಕಾಗದ ಕತ್ತರಿಸುವ ಒಂದು ಕಟಿಂಗ್ ಮಶಿನ್ನು, ಗೋಡೆಗೆ ಒಂದು ಬುದ್ಧನ ಪಟ, ಇಬ್ಬರು ಆಳು. ಆ ಇಬ್ಬರೆಂದರೆ ಮಾಲಕ ಗುತ್ತೆಪ್ಪ ಮತ್ತು ಅವನ ಹೆಂಡತಿ ಶಂಕ್ರವ್ವ. ಮೊಳೆ ಜೋಡಿಸುವುದು, ಅಚ್ಚು ಹಾಕುವುದು ಗಂಡನ ಕೆಲಸ. ಕತ್ತರಿಸುವುದು, ಮಡಿಸುವುದು, ಕಟ್ಟು ಕಟ್ಟಿ ಗಿರಾಕಿಯ ಕೈಗೆ ಕೊಡುವುದು ಹೆಂಡತಿಯದು.

ಗುತ್ತೆಪ್ಪ ತಡಸದ ಕೇರಿಯವನು. ಹದಿನೆಂಟಕ್ಕೆ ಬೆಳಗಾವಿಗೆ ಹೋಗಿ ಫೌಜಿಗೆ ಭರ್ತಿಯಾಗಿ, ಹದಿನೇಳು ವರ್ಷ ದುಡಿದು, ಎರಡು ಲಡಾಯಿ ಕಂಡು, ಎಡಗಾಲಿನ ಮೀನಖಂಡದಲ್ಲಿ ಕಬ್ಬಿಣದ ಚೂರೊಂದನ್ನು ಉಳಿಸಿಕೊಂಡು ಹವಾಲ್ದಾರನಾಗಿ ವಾಪಸು ಬಂದ. ಬಂದವನಿಗೆ ಊರು ಮಾಡಿದ ಸನ್ಮಾನವೆಂದರೆ ಚಹಾದಂಗಡಿಯ ಹೊರಗೆ ಸಂದಿಯಲ್ಲಿ ಸಿಕ್ಕಿಸಿಟ್ಟ ಬೇರೆ ಕಪ್ಪು. ಮೈಮೇಲೆ ಇನ್ನೂ ಖಾಕಿ ಇತ್ತು. ಆ ಕಪ್ಪನ್ನು ಅವನು ಕಲ್ಲಿಗೆ ಬಡಿದು ಒಡೆದ. ಮರುದಿನ ಅದೇ ಸಂದಿಯಲ್ಲಿ ಇನ್ನೊಂದು ಕಪ್ಪು ಇತ್ತು. ಹಾಳಾಗಿ ಹೋಗಲಿ ಎಂದು ತಡಸ ಬಿಟ್ಟು, ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಎರಡು ವರ್ಷ ಕೆಲಸ ಕಲಿತು, ಹಾನಗಲ್ಲಿಗೆ ಬಂದು ಅಂಗಡಿ ತೆರೆದ.

ಅವನ ಕೆಲಸ ಚೊಕ್ಕ. ಒಂದು ಒತ್ತಕ್ಷರ ಮುರಿಯುತ್ತಿರಲಿಲ್ಲ, ಮಸಿ ಹರಡುತ್ತಿರಲಿಲ್ಲ, ಚೌಕಟ್ಟಿನ ಗೆರೆ ಕವಾಯತಿನ ಸಾಲಿಗಿಂತ ನೆಟ್ಟಗಿರುತ್ತಿತ್ತು. ಕೂಲಿ ವಿಷಯದಲ್ಲಿ ಅವನಿಗೆ ಹಟವಿರಲಿಲ್ಲ. ಹಟವಿದ್ದದ್ದು ಒಂದೇ ವಿಷಯದಲ್ಲಿ. ಪ್ರೆಸ್ಸಿನಿಂದ ಹೊರಗೆ ಹೋಗುವ ಪ್ರತಿ ಹಾಳೆಯ ಅಡಿಯಲ್ಲಿ, ಚೌಕಟ್ಟಿನ ಹೊರಗೆ, ಬೆರಳಗಲದ ಜಾಗದಲ್ಲಿ ಒಂದು ಸಾಲು ಇರಲೇಬೇಕು: ಮುದ್ರಣ — ಹವಾಲ್ದಾರ್ ಗುತ್ತೆಪ್ಪ, ಜವಾನ್ ಪ್ರೆಸ್, ಹಾನಗಲ್.

ಅಂಗಡಿಯ ಬಿಲ್ಲಿನ ಪುಸ್ತಕಕ್ಕೆ, ನಾಟಕದ ಹ್ಯಾಂಡ್‌ಬಿಲ್ಲಿಗೆ, ದನದ ಜಾತ್ರೆಯ ಪೋಸ್ಟರಿಗೆ ಆ ಸಾಲಿನಿಂದ ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಲಗ್ನಪತ್ರಿಕೆಗೆ. ಈ ಕಡೆ ಪತ್ರಿಕೆ ಅಚ್ಚಾಗಿ ಮನೆಗೆ ಬಂದರೆ ಮೊದಲನೆಯದಕ್ಕೆ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಗೆ ಏರಿಸುತ್ತಾರೆ. ಏರಿಸಿದ್ದನ್ನು ಲಗ್ನ ಮುಗಿಯುವ ತನಕ ಇಳಿಸುವಂತಿಲ್ಲ. ಇಳಿಸಿದರೆ ಮದುಮಗಳಿಗೆ ಕೇಡು. ಹೀಗಿರುವಾಗ ಕೇರಿಯ ಗುತ್ತೆಪ್ಪನ ಹೆಸರು ಜಗಲಿಯ ಮೇಲೆ ಹೋಗಿ ಕೂತರೆ ದೇವರ ಗತಿ ಏನಾಗಬೇಕು? ಅವನು ಕೈಯಿಂದ ಆರಿಸಿ ಜೋಡಿಸಿದ ಅಕ್ಷರ ನಡೆಯುತ್ತದೆ, ಅವನು ತುಳಿದ ಮಶಿನ್ನು ನಡೆಯುತ್ತದೆ, ಅವನ ಬೆವರು ಬಿದ್ದ ಕಾಗದವೂ ನಡೆಯುತ್ತದೆ. ಹೆಸರು ಮಾತ್ರ ನಡೆಯುವುದಿಲ್ಲ! ಇಂಥ ಮಡಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನ ಬಾಯಿಗಿಷ್ಟು ಮಸಿ ಬಳಿಯಬೇಕು.

ಮೊದಲ ವರ್ಷ ಬಂದವರೆಲ್ಲ ನಯವಾಗಿಯೇ ಕೇಳಿದರು. “ಅದೊಂದು ಸಾಲು ಬಿಟ್ಟುಬಿಡಪಾ ಹವಾಲ್ದಾರ. ನಮಗೇನಿಲ್ಲ, ಮನ್ಯಾಗಿನ ಹೆಣ್ಮಕ್ಕಳು ಕೇಳೂದಿಲ್ಲ.”

ಗುತ್ತೆಪ್ಪ ಮೊಳೆ ಹಿಡಿದ ಕೈ ಎತ್ತದೆ ಹೇಳುತ್ತಿದ್ದ: “ಲಡಾಯ್ಯಾಗ ನಿಮ್ಮ ಮನಿ ಕಾಯೂ ಮುಂದ ಯಾರೂ ನನ್ನ ಹೆಸರು ತಗೀ ಅನ್ನಲಿಲ್ರಿ. ಈಗೂ ತಗ್ಯಾಂಗಿಲ್ಲ. ಬ್ಯಾರೇ ಪ್ರೆಸ್ ನೋಡ್ಕೋರಿ.”

ನೋಡಿಕೊಂಡರು. ಆರು ತಿಂಗಳು ಒಂದೇ ಒಂದು ಲಗ್ನಪತ್ರಿಕೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಿರುಗಿ ಬಂದರು. ಹಾನಗಲ್ಲಿನವರಷ್ಟೇ ಅಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾಂವಿಯವರೂ ಬಂದರು. ಯಾರೂ ಸಾಲಿನ ಮಾತೆತ್ತಲಿಲ್ಲ. ಕಾಲ ಬದಲಾಯಿತು, ಜನಕ್ಕೆ ಬುದ್ಧಿ ಬಂತು ಎಂದು ಗುತ್ತೆಪ್ಪ ತಿಳಿದ. ಸಿಕ್ಕಸಿಕ್ಕವರ ಮುಂದೆ ಎದೆ ಸೆಟೆಸಿ ಹೇಳಿಕೊಂಡ: “ನಾಕೂ ತಾಲೂಕಿನ ಜಗಲಿ ಮ್ಯಾಲ ನನ್ನ ಹೆಸರು ಕುಂತೈತಿ. ಕುಸ್ತಿ ಹಿಡದು ಅಲ್ಲ, ಕೆಲಸ ತೋರಿಸಿ ಕುಂದರಿಸೇನಿ.” ಕೇಳಿದವರು ನಗುತ್ತಿದ್ದರು. ಅದು ಮೆಚ್ಚಿಗೆಯ ನಗು ಅಂದುಕೊಂಡಿದ್ದ. ಒಂಬತ್ತು ವರ್ಷಗಳಲ್ಲಿ ಅವನು ಅಚ್ಚು ಹಾಕಿದ ಅಷ್ಟೊಂದು ಲಗ್ನಗಳಲ್ಲಿ ಒಂದಕ್ಕೂ ಅವನಿಗೆ ಆಮಂತ್ರಣ ಬರಲಿಲ್ಲ. ಊರಿಗೆಲ್ಲ ಕರೆ ಕಳಿಸುವ ಕಾಗದ ಮಾಡಿದವನಿಗೆ ಒಂದು ಕರೆಯಿಲ್ಲ. ಅದನ್ನೂ ಅವನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹೆಸರು ಹೋಗಿದೆಯಲ್ಲ, ಸಾಕು ಎನ್ನುತ್ತಿದ್ದ.

ಎಂಬತ್ತಮೂರರ ಚೈತ್ರದಲ್ಲಿ ಅಡಿಕೆ ವ್ಯಾಪಾರಿ ಚನ್ನವೀರಪ್ಪ ಮಗಳು ದಾನವ್ವನ ಲಗ್ನಕ್ಕೆ ಸಾವಿರ ಪತ್ರಿಕೆ ಮಾಡಿಸಲು ಬಂದ. ಹಾನಗಲ್ಲಿನಲ್ಲಿ ದೊಡ್ಡ ಕುಳ. ಮಾತು ಬೆಣ್ಣೆ. ಪ್ರೂಫು ಹಿಡಿದು ಮೇಲಿನಿಂದ ಕೆಳಗಿನ ತನಕ ಓದಿದ, ಕಡೇ ಸಾಲನ್ನೂ ಬಾಯಿಬಿಟ್ಟು ಓದಿದ. “ಛಲೋ ಆಗೇತಿ ಹವಾಲ್ದಾರ. ಹಿಂಗ ಇರಲಿ,” ಎಂದ. ಅಂಥವನ ಬಾಯಲ್ಲಿ ತನ್ನ ಹೆಸರು ಕೇಳಿ ಗುತ್ತೆಪ್ಪನಿಗೆ ಅವತ್ತು ಊಟ ಎರಡು ತುತ್ತು ಹೆಚ್ಚೇ ಸೇರಿತು. ಸಾವಿರ ಪತ್ರಿಕೆಯನ್ನು ಎರಡು ದಿನದಲ್ಲಿ ಮುಗಿಸಿ ಹೆಂಡತಿಯ ಕೈಗೆ ಕೊಟ್ಟು, ತಾನು ಪಿಂಚಣಿಯ ಕೆಲಸಕ್ಕೆ ಧಾರವಾಡಕ್ಕೆ ಹೋದ.

ಹತ್ತು ದಿನ ಬಿಟ್ಟು ಸವಣೂರಿಗೆ ಹೋದಾಗ ಅಲ್ಲಾಭಕ್ಷನ ಅಂಗಡಿಗೆ ಹೊಕ್ಕ. ಅಲ್ಲಾಭಕ್ಷ ಒಂದೇ ಪಲ್ಟಣದಲ್ಲಿದ್ದ ಗೆಳೆಯ, ಈಗ ದರ್ಜಿ. ಚನ್ನವೀರಪ್ಪನ ಮನೆಯ ಲಗ್ನದ ಕೋಟು ಹೊಲಿಯಲು ಹಿಡಿದಿದ್ದ. ಬಟ್ಟೆಯ ಜೊತೆಗೆ ಅವನಿಗೆ ಪತ್ರಿಕೆಯೂ ಬಂದಿತ್ತು, ಗೋಡೆಯ ಮೊಳೆಗೆ ಚುಚ್ಚಿ ಇಟ್ಟಿದ್ದ.

“ನೋಡಲೇ, ತೆಳಗ ಯಾರ ಹೆಸರೈತಿ ನೋಡು,” ಎಂದ ಗುತ್ತೆಪ್ಪ, ಕುರ್ಚಿ ಎಳೆದು ಕೂರುತ್ತ.

“ಬುದ್ಧನ ಭಕ್ತಗ ಇವರ ಜಗಲಿ ಚಿಂತಿ ಯಾಕಲೇ?” ಎಂದು ಅಲ್ಲಾಭಕ್ಷ ಕೆಣಕಿದ.

“ಜಗಲಿ ಮ್ಯಾಗಿನ ದೇವರಿಗಲ್ಲಪಾ, ತೆಳಗ ಕೈ ಮುಗಿಯೂ ಮಂದಿಗೆ. ದಿನಾ ಮುಂಜಾನೆ ಕಣ್ಣಿಗೆ ಬೀಳಬೇಕು. ಓದು ನೀ.”

ಅಲ್ಲಾಭಕ್ಷ ಪತ್ರಿಕೆ ಕಿತ್ತು ತಿರುಗಿಸಿ ಮುರುಗಿಸಿ ನೋಡಿದ. “ಏನೂ ಇಲ್ಲಲ್ಲೋ.”

ಗುತ್ತೆಪ್ಪ ಕಸಿದುಕೊಂಡ. ಬಸವಣ್ಣನ ಚಿತ್ರ ಇತ್ತು, ವಧೂವರರ ಹೆಸರು ಇತ್ತು, ಮುಹೂರ್ತ ಇತ್ತು, ಹದಿನಾಲ್ಕು ಜನ ಹಿರಿಯರ ಹೆಸರು ಇತ್ತು. ಚೌಕಟ್ಟಿನ ಗೆರೆ ಮುಗಿಯುತ್ತಿದ್ದಂತೆ ಕಾಗದವೂ ಮುಗಿದಿತ್ತು. ಕೆಳಗಿನ ಬೆರಳಗಲದ ಅಂಚೇ ಇರಲಿಲ್ಲ.

ಹೆಬ್ಬೆರಳಿನಿಂದ ಆ ಅಂಚನ್ನು ಸವರಿದ. ಒಂದು ಎಳೆಯ ಡೊಂಕಿಲ್ಲ. ಕತ್ತರಿಯಿಂದ ಕತ್ತರಿಸಿದ್ದಾದರೆ ಎಲ್ಲಾದರೂ ಅಲುಗುತ್ತಿತ್ತು, ಬ್ಲೇಡಿನದಾದರೆ ನಾರು ಏಳುತ್ತಿತ್ತು. ಇದು ಕಟಿಂಗ್ ಮಶಿನ್ನಿನ ಕೆಲಸ. ಹಾನಗಲ್ಲಿನಲ್ಲಿ ಕಟಿಂಗ್ ಮಶಿನ್ನು ಇದ್ದದ್ದು ಒಂದೇ ಕಡೆ. ಅದರ ಹಿಡಿಕೆಗೆ ಕೈ ಹಾಕುವವರು ಇಬ್ಬರೇ.

ಅಲ್ಲಾಭಕ್ಷ ಚಹಾ ತರಿಸಲು ಹೊರಗೆ ಕೂಗಿ ತಿರುಗುವಷ್ಟರಲ್ಲಿ ಕುರ್ಚಿ ಖಾಲಿ ಇತ್ತು.

ಬಸ್ಸಿನಲ್ಲಿ ಸೀಟು ಇದ್ದರೂ ಗುತ್ತೆಪ್ಪ ನಿಂತೇ ಬಂದ. ಶತ್ರು ಎದುರಿಗಿದ್ದರೆ ಏನು ಮಾಡಬೇಕೆಂದು ಅವನಿಗೆ ಕಲಿಸಿದ್ದರು. ಒಂಬತ್ತು ವರ್ಷ ಒಂದೇ ಗಂಗಾಳದಲ್ಲಿ ಉಂಡ ಹೆಂಡತಿಗೆ ಏನು ಮಾಡಬೇಕೆಂದು ಯಾವ ಉಸ್ತಾದನೂ ಕಲಿಸಿರಲಿಲ್ಲ. ತನ್ನ ಬಡಾಯಿ ಕೇಳಿದವರ ನಗುಗಳೆಲ್ಲ ಒಂದೊಂದಾಗಿ ನೆನಪಾದವು. ಇಡೀ ಊರಿಗೆ ಗೊತ್ತಿತ್ತು. ಗೊತ್ತಿಲ್ಲದವನು ತಾನೊಬ್ಬನೇ.

ಸಂಜೆ ಪ್ರೆಸ್ಸಿಗೆ ಬಂದವನೇ ಪತ್ರಿಕೆಯನ್ನು ಶಂಕ್ರವ್ವನ ಮುಂದೆ ಎಸೆದ. ಆಕೆ ಬಿಲ್ಲಿನ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದಳು. ಓದು ಬರದವಳು. ಆದರೆ ಆ ಪತ್ರಿಕೆಯ ಅಂಚು ನೋಡಿದವಳಿಗೆ ಓದುವುದು ಬೇಕಿರಲಿಲ್ಲ.

“ಇದೊಂದ ಅಲ್ಲ, ಹೌದಲ್ಲ? ಮೊದಲಿಂದನೂ?” ಎಂದ ಗುತ್ತೆಪ್ಪ.

“ಮೊದಲಿಂದನೂ.”

“ನನ್ನ ಹೆಸರು. ನಿನ್ನ ಕೈಲೆ.”

“ಹೌದ್ರಿ, ನನ್ನ ಕೈಲೆ,” ಎಂದು ಶಂಕ್ರವ್ವ ಎದ್ದು ನಿಂತಳು. ಅಳುತ್ತಾಳೆಂದು ಅವನು ಎಣಿಸಿದ್ದ, ಆಕೆ ಅಳಲಿಲ್ಲ. “ಆರು ತಿಂಗಳ ಮಶಿನ್ನಿಗೆ ಕೆಲಸ ಇಲ್ಲದ ಕುಂತಿದ್ರಿ. ಉಂಡ್ರ ಉಂಡ್ರಿ, ಇಲ್ಲಂದ್ರ ಇಲ್ಲ. ಮೊಳಿ ತಗದು ಒರಸೂದು, ಮತ್ತ ಇಡೂದು. ರಾತ್ರಿ ನಿದ್ದಿಗಣ್ಣಾಗ ತಡಸದ ಆ ಕಪ್ಪಿನ ಮಾತ ಆಡತಿದ್ರಿ. ನಿಮ್ಮ ಮಾರಿ ನೋಡಿದಾಕಿ ನಾನು. ಲಗ್ನದ ಮನಿಯವರ ಹಿತ್ತಲಬಾಗಲಿಗೆ ನಾನ ಹೋಗಿ ಹೇಳಿ ಬಂದೆ. ನನ್ನ ಗಂಡನ ಮುಂದ ಹೂಂ ಅನ್ರಿ, ಮುಂದಿಂದು ನಾ ನೋಡ್ಕೋತೇನಿ ಅಂದೆ.”

“ನನ್ನ ಮಾನ ಮಾರಿ ಮಶಿನ್ ನಡಸಂತ ನಿನಗ ಹೇಳಿದವ್ರು ಯಾರು?”

“ಮಾನ ಮಾರಿದಾಕಿ ನಾನಾ?” ಶಂಕ್ರವ್ವನ ದನಿ ಏರಿತು. “ನೀವು ಇಲ್ಲದ ಹೊತ್ತು ನೋಡಿ ಕತ್ತರಿಸೂ ಮುಂದ ಅವರು ಎಲ್ಲಿ ನಿಂತಿರತಿದ್ರು ಗೊತ್ತೇನು ನಿಮಗ? ಇಲ್ಲೇ, ನನ್ನ ಬೆನ್ನ ಹಿಂದ. ಒಂದೊಂದು ಎತ್ತಿ ಬೆಳಕಿಗೆ ಹಿಡದು ನೋಡತಿದ್ರು, ಎಲ್ಲೆರ ಉಳದೈತೇನಂತ. ಮೊನ್ನೆ ಚನ್ನವೀರಪ್ಪ ಸಾವ್ಕಾರ ಏನಂದ ಕೇಳ್ರಿ. ‘ಗಂಡಗ ಹೇಳಬ್ಯಾಡವಾ, ಪಾಪ, ಅವಗ ನೋವಾಗತೈತಿ’ ಅಂದ. ನನಗ ನೋವಾಗತೈತೋ ಇಲ್ಲೋ, ಒಬ್ಬ ಬೇವಾರ್ಸಿ ಕೇಳಲಿಲ್ಲ!”

ಆಕೆ ಮೂಲೆಗೆ ಹೋಗಿ, ಕಾಗದದ ಹೊರೆಗಳ ಹಿಂದಿನಿಂದ ಒಂದು ಗೋಣಿಚೀಲ ಎಳೆದು ಅವನ ಕಾಲ ಬುಡಕ್ಕೆ ಸುರಿದಳು. ಬೆರಳಗಲದ ಕಾಗದದ ಪಟ್ಟಿಗಳು, ಕಟ್ಟು ಕಟ್ಟು. ಒಂದೊಂದು ಕಟ್ಟಿಗೂ ದಾರ ಸುತ್ತಿ, ಮೇಲೆ ಆಯಾ ಮನೆಯ ಕತ್ತರಿಸದ ಒಂದೊಂದು ಪತ್ರಿಕೆ ಇಟ್ಟು ಕಟ್ಟಿದ್ದಳು. ಪ್ರತಿ ಪಟ್ಟಿಯ ಮೇಲೂ ಅದೇ ಸಾಲು.

“ಒಲಿಗೆ ಹಾಕಾಕ ಮನಸಾಗಲಿಲ್ಲ. ಓಣ್ಯಾಗ ಒಗದ್ರ ಮಂದಿ ತುಳೀತಾರ. ಅದಕ್ಕ ಇಟ್ಟೇನಿ,” ಎಂದಳು.

ಗುತ್ತೆಪ್ಪ ನೆಲದ ಮೇಲೆ ಕೂತ. ಒಂದು ಕಟ್ಟು ಎತ್ತಿ ನೋಡಿದ, ಹಿರೇಕೆರೂರಿನ ಮಾಸ್ತರನದು. ಸಮಾನತೆಯ ಮೇಲೆ ಭಾಷಣ ಬಿಗಿಯುವ ಆಸಾಮಿ. ಇನ್ನೊಂದು ಶಿಗ್ಗಾಂವಿಯ ವಕೀಲನದು. ಆಗಸ್ಟ್ ಹದಿನೈದಕ್ಕೆ ಬಂದು “ಜವಾನ ದೇಶದ ಬೆನ್ನೆಲುಬು” ಎಂದು ಬೆನ್ನು ತಟ್ಟಿ ಹೋಗಿದ್ದ. ಎಣಿಸಿದರೆ ನಲವತ್ತಮೂರು ಕಟ್ಟು. ಹೆಂಡತಿಯ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಅವನಿಗೆ ತಿಳಿಯಲಿಲ್ಲ. ಆದರೆ ಸಿಟ್ಟು ಕಡಿಮೆ ಆಗಿರಲಿಲ್ಲ, ಸರಿಯಾದ ವಿಳಾಸ ಸಿಕ್ಕಿತ್ತು ಅಷ್ಟೇ.

“ಇದು ನಮ್ಮ ಮಾಲಲ್ಲ,” ಎಂದ ಕೊನೆಗೆ. “ಅವರ ಮಾಲು. ಮಾಡಿಸಿಕೊಂಡ ಕೆಲಸದಾಗ ಅರ್ಧ ಬಿಟ್ಟು ಹೋಗ್ಯಾರ. ಮುಟ್ಟಿಸಬೇಕಲ್ಲ?”

ಶಂಕ್ರವ್ವ ಅವನ ಮುಖ ನೋಡಿದಳು. “ಮುಟ್ಟಿಸಿದ್ರ ನಾಳಿಂದ ಒಂದ ಪತ್ರಿಕಿ ಬರೂದಿಲ್ರಿ.”

“ಬಿಲ್ ಬುಕ್ ಹೊಡಿಯೂಣು, ಪೋಸ್ಟರ್ ಹೊಡಿಯೂಣು. ನಿನ್ನ ಕೈಲೆ ಇನ್ನೊಂದ ಸಲ ಕತ್ತರಿಸಾಕ ಹಚ್ಚಿದ್ರ ನಾ ಗುತ್ತೆಪ್ಪ ಅಲ್ಲ.”

ಮರುದಿನ ಮುಂಜಾನೆ, ಹತ್ತು ಹೊಡೆಯುವ ಹೊತ್ತಿಗೆ, ಗುತ್ತೆಪ್ಪ ಪೆಟ್ಟಿಗೆಯಿಂದ ಖಾಕಿ ಕೋಟು ತೆಗೆದು ತೊಟ್ಟು ಚನ್ನವೀರಪ್ಪನ ಮನೆಗೆ ಹೊರಟ. ಕೈಯಲ್ಲಿ ಸಾವಿರ ಪಟ್ಟಿಗಳ ಕಟ್ಟು, ಹಿಂದೆ ತಲೆಯ ಮೇಲೆ ಗೋಣಿಚೀಲ ಹೊತ್ತ ಶಂಕ್ರವ್ವ. ಬರಬೇಡ ಎಂದಿದ್ದ. ಹೊರುವವರು ಯಾರು ಎಂದು ಕೇಳಿ ಬಂದೇ ಬಂದಳು.

ಲಗ್ನಕ್ಕೆ ಇನ್ನೂ ಐದು ದಿನವಿತ್ತು. ಅಂಗಳದಲ್ಲಿ ಹಂದರ ಏರುತ್ತಿತ್ತು, ಪಡಸಾಲೆಯ ತುಂಬ ಬೀಗರು ನೆಂಟರು. ಬಾಗಿಲ ಹತ್ತಿರ ಚನ್ನವೀರಪ್ಪನ ತಾಯಿ ಮಹಾದೇವಕ್ಕ ಅಕ್ಕಿ ಆರಿಸುವವರ ಜೊತೆ ಕೂತಿದ್ದಳು. ಎಂಬತ್ತರ ಮುದುಕಿ, ಕಣ್ಣಿಗೆ ಪೊರೆ ಬಂದು ಮನುಷ್ಯರೆಲ್ಲ ನೆರಳಿನಂತೆ ಕಾಣುತ್ತಿದ್ದರು.

“ಯಾರಪಾ ಅದು?”

“ಪ್ರೆಸ್ಸಿನವ ರೀ ಅವ್ವಾರ. ಸಾವ್ಕಾರ್ರು ಬಿಟ್ಟು ಬಂದಿದ್ರು, ಕೊಟ್ಟು ಹೋಗಾಕ ಬಂದೇನಿ.”

“ಮತ್ತಷ್ಟು ಪತ್ರಿಕಿ ಮಾಡಿಸ್ಯಾನೇನು ಚನ್ನವೀರ? ಛಲೋ ಆತು, ತಾ ಇಲ್ಲಿ,” ಎಂದು ಮುದುಕಿ ಕೈ ಚಾಚಿ ಕಟ್ಟನ್ನು ಗುತ್ತೆಪ್ಪನ ಕೈಯಿಂದಲೇ ತೆಗೆದುಕೊಂಡಳು. ಮೇಲಿದ್ದ ಪತ್ರಿಕೆಯನ್ನು ಸವರಿ ನೋಡಿ ಖಾತ್ರಿ ಮಾಡಿಕೊಂಡಳು. ತಡೆಯಬೇಕೆಂದು ಯಾರಿಗಾದರೂ ಹೊಳೆಯುವ ಮೊದಲೇ ಗೋಡೆ ಹಿಡಿದು ದೇವರ ಜಗಲಿಗೆ ಹೋಗಿ, ಕಟ್ಟನ್ನು ಅಲ್ಲಿಟ್ಟು, ಬಟ್ಟಲಿಗೆ ಬೆರಳದ್ದಿ ಅರಿಷಿಣ ಹಚ್ಚಿ ಕುಂಕುಮ ಏರಿಸಿ ಕೈಮುಗಿದಳು. ಬಾಗಿಲಲ್ಲಿ ನಿಂತ ಗುತ್ತೆಪ್ಪನಿಗೆ ಎಲ್ಲ ಕಂಡಿತು. ಒಂಬತ್ತು ವರ್ಷ ಹೋಗಿದೆ ಎಂದು ನಂಬಿದ್ದ ಹೆಸರು ಇವತ್ತು ನಿಜವಾಗಿ ಹೋಗಿ ಕೂತಿತ್ತು, ಒಂದಲ್ಲ, ಸಾವಿರ ಸಲ.

ಸುಮ್ಮನೆ ತಿರುಗಿ ಬಂದಿದ್ದರೆ ಆಗುತ್ತಿತ್ತು. ಆದರೆ ಕಣ್ಣು ಕಾಣದ ಮುದುಕಿಗೆ ಮೋಸ ಮಾಡಿ ಗೆಲ್ಲುವುದು ಅವನ ಜಾಯಮಾನವಲ್ಲ.

“ಅವ್ವಾರ, ಅದು ಪತ್ರಿಕಿ ಅಲ್ಲ,” ಎಂದ ಗಟ್ಟಿಯಾಗಿ. “ಪತ್ರಿಕಿಯಿಂದ ನಿಮ್ಮ ಮಗ ಕತ್ತರಿಸಾಕ ಹಚ್ಚಿದ ಅಂಚು. ಅದರ ಮ್ಯಾಲ ಇರೂದು ನನ್ನ ಹೆಸರು. ನಾ ಗುತ್ತೆಪ್ಪ, ತಡಸದ ಕೇರಿಯವ.”

ಮಹಾದೇವಕ್ಕ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒಮ್ಮೆ ಒರೆಸಿ ಸಾಲದೆ ಮತ್ತೊಮ್ಮೆ ಒರೆಸಿಕೊಂಡಳು. “ಚನ್ನವೀರಾ, ತಗಿಯೋ ಅದನ್ನ!” ಎಂದು ಕೂಗಿದಳು.

ಒಳಕೋಣೆಯಿಂದ ಚನ್ನವೀರಪ್ಪ ಓಡಿ ಬಂದ. ಜಗಲಿ ನೋಡಿದ, ಗುತ್ತೆಪ್ಪನನ್ನು ನೋಡಿದ, ಬೀಗರ ಕಡೆ ನೋಡಿದ. ಜಗಲಿಗೆ ಕೈ ಚಾಚಿದ್ದ ಕೂಡ. ಅಷ್ಟರಲ್ಲಿ ಅವನ ಹೆಂಡತಿ ಕೈ ಹಿಡಿದಳು. “ಏರಿಸಿದ್ದು ಇಳಸಬ್ಯಾಡ್ರಿ. ದಾನವ್ವಗ ಕೇಡ ಆಗತೈತಿ.” ಆ ಕೈ ಗಾಳಿಯಲ್ಲಿಯೇ ಉಳಿಯಿತು. ತೆಗೆದರೆ ಮಗಳಿಗೆ ಕೇಡು, ಬಿಟ್ಟರೆ ಲಗ್ನದ ತನಕ ಜಗಲಿಯ ಮೇಲೆ ಗುತ್ತೆಪ್ಪ. ಗುತ್ತೆಪ್ಪನ ಮೇಲೆ ಹೇರಿದ ಮಡಿ ಈಗ ಹೇರಿದವನ ಕುತ್ತಿಗೆಗೇ ಬಂದಿತ್ತು.

ವ್ಯಾಪಾರಸ್ಥನ ಬುದ್ಧಿ, ದಾರಿ ಹುಡುಕಿತು. ಚನ್ನವೀರಪ್ಪ ಬಾಗಿಲಿಗೆ ಬಂದು ದನಿ ತಗ್ಗಿಸಿ, ಎಂದಿನ ಬೆಣ್ಣೆಯಂಥ ಮಾತಿನಲ್ಲಿ ಹೇಳಿದ: “ಹವಾಲ್ದಾರ, ನಮಗ ಇಳಸಾಕ ಬರೂದಿಲ್ಲ. ನೀ ಬ್ಯಾರೇದವ, ನಿನಗ ದೋಷ ಇಲ್ಲ. ಒಳಗ ಬಾರಪಾ. ಬಂದು ನಿನ್ನ ಕೈಲೇನ ತಗೊಂಡ್ ಹೋಗಿಬಿಡು.”

ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಾ ಎಂದು ಗುತ್ತೆಪ್ಪನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಅದೂ ಯಾಕೆ? ಅವನ ಹೆಸರನ್ನು ಅವನೇ ಕಿತ್ತು ಒಯ್ಯಲಿಕ್ಕೆ.

ಬೈಗುಳ ಗಂಟಲ ತನಕ ಬಂತು. ಅದನ್ನು ನುಂಗಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಒಂಬತ್ತು ವರ್ಷ ನನ್ನ ಹೆಂಡತಿ ಕೈಲೆ ತಗಸಿದ್ರಿ. ಇವತ್ತ ನನ್ನ ಕೈಲೆ ತಗಸಾಕ ನಿಂತೀರಿ. ನಿಮ್ಮ ಕೈಗೆ ಏನಾಗೇತಿ ಸಾವ್ಕಾರ್ರ? ಅಷ್ಟು ಹೊಲಸಿದ್ರ ನೀವ ತಗೀರಿ. ತಗಿಯೂ ತನಕಾ ನಾ ಏಳಾಂವಲ್ಲ.” ಹೀಗೆಂದು ಹೊಸ್ತಿಲಿನ ಹೊರಗಿನ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತುಬಿಟ್ಟ.

ಯಾರೂ ಅಲುಗಲಿಲ್ಲ. ಹಂದರ ಕಟ್ಟುವವರು ಮೇಲೆಯೇ ನಿಂತರು. ಚನ್ನವೀರಪ್ಪ ಬೆವರು ಒರೆಸಿಕೊಳ್ಳುತ್ತ ಒಮ್ಮೆ ತಾಯಿಯನ್ನು, ಒಮ್ಮೆ ಜಗಲಿಯನ್ನು ನೋಡಿದ. ಅವನ ಕೈ ಮಾತ್ರ ಮೇಲೇಳಲಿಲ್ಲ.

ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದ ಶಂಕ್ರವ್ವ ಚೀಲವನ್ನು ತಲೆಯ ಮೇಲೆ ಸರಿಮಾಡಿಕೊಂಡು ಹತ್ತಿರ ಬಂದಳು. ಒಳಗಿದ್ದ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರಿಗೂ ಕೇಳುವಂತೆ ಗಂಡನಿಗೆ ಹೇಳಿದಳು:

“ಏಳ್ರಿ, ಅವರ ಕೈಲೆ ಆಗೂದಿಲ್ಲ. ಹಿರೇಕೆರೂರ ಬಸ್ಸು ಹೋಗಿಬಿಡತೈತಿ. ಇನ್ನೂ ನಲವತ್ತೆರಡು ಮನಿ ಅದಾವು.”